ಹಸೆಗೆ ಕರೆದ ಹಾಡು

ಹಾಡಲು ಹೆದರಿದ ನನ್ನ ಅಕ್ಕನಿಗೆ,

ನಿನ್ನ ಗೌರಿಯ ಮದುವೆಯ ದಿನ ನೀನು ಅಡುಗೆಮನೆ ಸೇರಿಕೊಂಡದ್ದು ನೆನಪಿದೆಯಾ? ಹಸೆಯ ಮೇಲೆ ಬಂದು ಕೂರೆಂದು ಮದುಮಗಳನ್ನು ಹಾಡಿ ಕರೆಯಬೇಕಾದವಳು ಹೆತ್ತವಳು. ಅದು ನಮ್ಮ ಮಿಡಿಗೇಶಿ ಮನೆಯ ಪದ್ಧತಿ. ಅದಕ್ಕೆಂದೇ ನೀನು ಹೊಸ ಹಾಡು ಕಟ್ಟಿಕೊಂಡಿದ್ದೆ. ಅಷ್ಟರಲ್ಲಿ ಪಾವಗಡದ ಬೀಗರ ಹೆಂಗಸರು ಚಪ್ಪರ ಹಾರುವ ಹಾಗೆ ತೆಲುಗಿನಲ್ಲಿ ಶುರುಮಾಡಿದರು. "ಅವ್ರ ಮುಂದೆ ನಂದೆಂಥಾ ಹಾಡು ಕಣೆ, ನೀನೇ ಹೇಳ್ಬುಡು," ಅಂದೆ ನೀನು. ನನಗೆ ತೋಚಿದ ಹಳೆಯದೊಂದು ಹಾಡನ್ನು ನಾನು ಕೂಗಿಬಿಟ್ಟೆ. ಹೆತ್ತವರಿಗೆ ಹೆಗ್ಗಣ ಮುದ್ದು, ನನಗೆ ನನ್ನ ಗಂಟಲೇ ಮುದ್ದು. ಅವ್ವ ತನ್ನನ್ನು ಕರೆಯಲಿಲ್ಲ ಎಂಬ ಕೊರಗು ಮಾತ್ರ ಗೌರಿಗೆ ಉಳಿಯಿತು.

ಕಡಲೆಕಾಯಿ ಬಿಡಿಸುತ್ತಾ ನೀನು ಹಾಡಿದರೆ ನಾವೆಲ್ಲ ಕೈ ನಿಲ್ಲಿಸಿ ಕೂರುತ್ತಿದ್ದೆವು. ಹೊಗಳಿದರೆ, "ಸುಮ್ಕಿರೆ, ಎಲ್ಲಾರ್ಗೂ ಬರ್ತದೆ," ಅನ್ನುತ್ತಿದ್ದೆ. ನಿನಗೆ ಸಲೀಸಾಗಿ ಬಂದದ್ದು ಎಲ್ಲರಿಗೂ ಬರುತ್ತದೆ ಅಂತ ಯಾರು ಹೇಳಿದರು? ನನಗಂತೂ ಬರುತ್ತಿರಲಿಲ್ಲ. ಬರುವುದಿಲ್ಲ ಎಂದು ತಿಳಿಯುವಷ್ಟು ಕಿವಿಯೂ ನನಗಿರಲಿಲ್ಲ.

ಹೋದ ವಾರ ಗೌರಿಯ ಮನೆಗೆ ಹೋಗಿದ್ದೆ. ಅವಳ ಅತ್ತೆ ಎಲೆಗೆ ಸುಣ್ಣ ಹಚ್ಚುತ್ತಾ, ತೆಲುಗು ಬೆರೆತ ತಮ್ಮ ಕನ್ನಡದಲ್ಲಿ ಮದುವೆಯ ದಿನದ ಮಾತು ತೆಗೆದರು.

"ಮುಂಜಾನೆ ಹಿತ್ಲಲ್ಲಿ ಅಕ್ಕಿ ತೊಳೀತಾ ನಿಮ್ಮಕ್ಕ ಹಾಡ್ತಿದ್ರು ಕದಮ್ಮ. ಗೋಡೆ ಈಚೆ ನಿಂತು ಕೇಳಿ ನಮ್ಗೆ ಭಯಂ ಬಂತು. ನಮ್ಗೆ ಬರೋದೇ ಎರಡ್ಮೂರು. ಆಯಮ್ಮ ಬಾಯಿ ತೆಗುದ್ರೆ ನಮ್ ಮಾನ ಹೋಗ್ತದೆ ಅಂತ ಅಂಗೆ ಅರಚಿದ್ವಿ."

ಕೇಳಿದೆಯಾ ಅಕ್ಕ? ನಿನ್ನ ಎದೆ ಹೊಡೆದುಕೊಂಡದ್ದು ನಿನಗೆ ಕೇಳಿಸಿತು, ಅವರ ಗಂಟಲು ಮಾತ್ರ ಕೇಳಿಸಿತು. ಅವರ ಎದೆಯೂ ಹಾಗೇ… ಈಗ ಹೇಳಿ ಏನು ಬಂತು? ನೀನಿದ್ದಾಗ ಆ ಹೆಂಗಸು ಒಮ್ಮೆ ಬಾಯಿಬಿಟ್ಟಿದ್ದರೆ ಅಂತ ಹೊಟ್ಟೆ ಉರಿಯುತ್ತದೆ.

ನೀನು ಕಟ್ಟಿದ್ದ ಆ ಹಾಡು ನನಗೆ ಬರುತ್ತದೆ ಅಂದುಕೊಂಡಿದ್ದೆ. ಅಲ್ಲೇ ಹಾಡಹೊರಟರೆ ಮೊದಲ ಸಾಲಿನಾಚೆ ಒಂದೂ ನೆನಪಿಗೆ ಬರಲಿಲ್ಲ. ಮುಂದಕ್ಕೆ ಹಾಡಿದವರು ಬೀಗಿತ್ತಿ. ಆ ಮುಂಜಾನೆ ಗೋಡೆಯಾಚೆ ನಿಂತು ಕಲಿತದ್ದು, ನಡುನಡುವೆ ತೆಲುಗು ಸೇರಿಕೊಂಡಿದೆ. ನೀನಿದ್ದಿದ್ದರೆ ನಗುತ್ತಾ ತಿದ್ದುತ್ತಿದ್ದೆ.

ಒಲೆಯ ಮುಂದಿದ್ದ ಗೌರಿ, "ಇದು ಅವ್ವ ನಂಗೆ ಕಟ್ಟಿದ್ದಾ ಚಿಕ್ಕವ್ವ?" ಅಂದಳು. "ಹೂಂ ಕಣಮ್ಮ, ನಿಂಗೇಯ," ಅಂದೆ. ಅವಳು ಕೈ ಒರೆಸಿಕೊಂಡು, ಉರಿ ತಗ್ಗಿಸಿ, ಎದ್ದು ಬಂದು ಚಾಪೆಯ ಮೇಲೆ ಕೂತಳು.

ನೀನು ಕರೆದದ್ದಕ್ಕೆ ಬಂದಳು, ಅಕ್ಕ.

ನಿನ್ನ ತಂಗಿ