ತಲೆಕಟ್ಟು ಮುರಿದ ಮೊಳೆ

ಮಾರ್ಚ್ 4, ಸೋಮವಾರ

ಪೂರ್ಣ ಪ್ರಜ್ಞೆಯಿಂದ, ಯಾರ ಒತ್ತಾಯವೂ ಇಲ್ಲದೆ ಒಪ್ಪಿಕೊಳ್ಳುವುದೇನೆಂದರೆ: ಇಂದು ಬೆಳಿಗ್ಗೆ ಹನ್ನೊಂದಕ್ಕೆ ಪ್ರೆಸ್ಸಿನಿಂದ ಒಂದು ಅಕ್ಷರ ಕದ್ದೆ. ಬಿ.ಎ. ಆದಮೇಲೆ ಅಕ್ಷರಕ್ಕೆ ಬಗೆದ ಮೊದಲ ದ್ರೋಹ. ಮಾಲು: ಸೀಸದ ಅಚ್ಚುಮೊಳೆ ಒಂದು. 'ಸ'. ತಲೆಕಟ್ಟು ಮುರಿದದ್ದು. ಆದ್ದರಿಂದ ಹೆಸರು, ಬೋಳ.

ಪ್ರೂಫ್ ತಿದ್ದುವವನು ನಾನು; ಆರು ತಿಂಗಳಿಂದ ಅದಕ್ಕೆ ಕೆಂಪು ಸುತ್ತು ಹಾಕುತ್ತಿದ್ದೇನೆ. ಆ ಮೊಳೆ ಜೋಡಿಸುವವರು ನನ್ನ ಭಾವ, ಅಕ್ಕನ ಗಂಡ. ಕಿತ್ತೆಸೆಯಲು ಮನಸ್ಸಿಲ್ಲ. "ತಲೆ ಒಡೆದ್ರೂ ಕೆಲಸಕ್ಕೆ ಬರ್ತಾನಲ್ಲಯ್ಯ, ಇರ್ಲಿ ಬಿಡು." ಕಾರ್ಮಿಕ ಸಂಘದ ಮನುಷ್ಯ, ಸೀಸದಲ್ಲೂ ಕೂಲಿಯವನನ್ನೇ ಕಾಣುತ್ತಾರೆ.

ನಮ್ಮ ಪ್ರೆಸ್ಸಿಗೆ ಎಲ್ಲ ವಾದಗಳೂ ಗಿರಾಕಿ. ಸೋಮವಾರ ಗಿರಣಿ ಮಾಲೀಕರ ಮುಕ್ತ ವ್ಯಾಪಾರ, ಬುಧವಾರ ದೇಶಭಕ್ತರ ರಕ್ತ-ಮಣ್ಣು, ಶುಕ್ರವಾರ ಸಂಘದ ವರ್ಗಸಂಘರ್ಷ. ಅಚ್ಚಾದ ಮೇಲೆ ಮೊಳೆ ಬಿಡಿಸಿ ವಾಪಸ್ಸು ಕೇಸಿಗೆ, ಅಕ್ಷರಕ್ಕೊಂದು ಖಾನೆಯ ಪೆಟ್ಟಿಗೆಗೆ. ಒಂದೇ ವಾರದಲ್ಲಿ ಬೋಳ ಸಂಪತ್ತು, ಸರಹದ್ದು, ಸಮಾನತೆ ಮೂರಕ್ಕೂ ದುಡಿದು ಬರುತ್ತಾನೆ. ಥೇಟ್ ನನ್ನ ಹಾಗೆ. ಕಾಗುಣಿತ ಸರಿಯಿದ್ದರೆ ನನಗೆ ಎಲ್ಲರ ವಾದವೂ ಸಮ್ಮತ.

ಮಾರ್ಚ್ 5, ಮಂಗಳವಾರ

ಗಿರಣಿ ಗೇಟಿನಲ್ಲಿ ಗೋಲಿಬಾರ್. ಮೂವರು ಹೋದರು. ಒಬ್ಬಳು ನೂಲಿನ ವಿಭಾಗದವಳು, ಕೈಯಲ್ಲಿ ಊಟದ ಡಬ್ಬಿ ಇತ್ತಂತೆ. ಸಾವಿಗೆ ಕಾರಣ ಗುಂಡಲ್ಲ, ಕರಪತ್ರ — ಹಾಗೆಂದು ಸರ್ಕಾರದ ಪ್ರಕಟಣೆ. ಅಚ್ಚು ಹಾಕಿದವನಿಗೆ ಹತ್ತು ವರ್ಷ.

ಎದುರು ಗೋಡೆಯ ಮೇಲೆ ಇನ್ನೂ ಒಂದು ಅಂಟಿತ್ತು. 'ಎಂಟು ಗಂಟೆ ದುಡಿಮೆ, ಎಲ್ಲರಿಗೂ ಸಮಾನತೆ.' ಸಮಾನತೆಗೆ ತಲೆಕಟ್ಟಿಲ್ಲ.

ಭಾನುವಾರ ಪ್ರೆಸ್ಸಿಗೆ ರಜೆ. ಬೀಗದ ಕೈ ಭಾವನ ಹತ್ತಿರ... ನನಗೆ ಪ್ರೂಫ್ ತೋರಿಸಿಲ್ಲ. ಎರಡು ಅಕ್ಷರದೋಷ ಉಳಿದಿವೆ.

ಮಾರ್ಚ್ 7, ಗುರುವಾರ

ಇನ್ಸ್‌ಪೆಕ್ಟರ್ ಬಂದ. ಭೂತಗನ್ನಡಿ, ಕರಪತ್ರ. ಮೊಳೆ ಜೋಡಿಸುವವರು ಐದು ಜನ. ಐವರ ಕೇಸಿನಿಂದಲೂ ಎಲ್ಲ 'ಸ' ಸುರಿಸಿ ಒಂದೊಂದಾಗಿ ನೋಡಿದ. ಎರಡು ಗಂಟೆ. ಭಾವನ ಮುಖ ಬಿಳಿ ಪ್ರೂಫ್ ಕಾಗದ. ಬೋಳ ಸಿಗಲಿಲ್ಲ. ಹೋದ.

ನಲ್ಲಿಯ ಹತ್ತಿರ ಭಾವ ಕೈ ತೊಳೆಯುತ್ತಲೇ ಇದ್ದರು. ಮುಷ್ಟಿ ಬಿಚ್ಚಿ ಬೋಳನನ್ನು ತೋರಿಸಿದೆ. ನಲ್ಲಿ ನಿಲ್ಲಿಸಿದರು.

"ಕಳ್ಳ ಕಣಯ್ಯ ನೀನು."

"ನಿಮ್ಮ ಮನೆಯ ಸಂಬಂಧ ಭಾವ, ಇನ್ನೇನಾದೇನು?"

ನಗಲಿಲ್ಲ. "ನಿನ್ನ ಹಳೇ ಪ್ರೂಫಿನ ಕಟ್ಟು? ಅದರಲ್ಲೂ ಬೋಳ ಇದಾನಲ್ಲ."

"ಕೋಣೆಯಲ್ಲಿದೆ. ಇವತ್ತೇ ಒಲೆಗೆ."

"ನಿನ್ನ ಹಿಡಿದು ಕೇಳಿದ್ರೆ?"

"ಚರ್ಮ ಸುಲಿದ್ರೂ ನಿಮ್ಮ ಹೆಸರು ಬರಲ್ಲ."

ಬೋಳನನ್ನು ಮೋರಿಗೆ ಬಿಟ್ಟೆವು. ಇಡೀ ಸಂಘದ ಕೈಲಾಗದ್ದನ್ನು ಒಬ್ಬ ಕಳ್ಳ ಮಾಡಿದ. ಯಾವ ವಾದದ ಹಂಗೂ ಇಲ್ಲದೆ. ಬರೆದಿಟ್ಟಿರಲಿ.

ಮಾರ್ಚ್ 8, ಶುಕ್ರವಾರ

ಒಲೆಯ ಮುಂದೆ ಕೂತೆ. ಹಾಕುವ ಮೊದಲು ಒಂದು ಸಲ ಕಣ್ಣಾಡಿಸೋಣ ಅಂತ... ತಪ್ಪಾಯಿತು. ಅಂಚಿನಲ್ಲಿ ನಾನೇ ಬರೆದದ್ದು: 'ಭಾವ, ಬೋಳನಿಗೊಂದು ಟೊಪ್ಪಿ ಹೊಲಿಸಿ.' 'ಭಾವ, ಅಕ್ಕನ ತಲೆಗೆಣ್ಣೆ ಸವರಿ ನೋಡಿ, ಇವನಿಗೂ ಕೂದಲು ಚಿಗುರೀತು.' ಆರು ತಿಂಗಳ ಸಾಹಿತ್ಯ. ಬರೀ ಸುತ್ತು ಹಾಕಿದ ಹಾಳೆಗಳನ್ನು ಸುಟ್ಟೆ. ಒಳ್ಳೆಯವನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡು ಸುಡುವುದು. ಮಂಚದ ಕೆಳಗಿಟ್ಟಿದ್ದೇನೆ. ನಾಳೆ.

ಮಾರ್ಚ್ 12, ಮಂಗಳವಾರ

ಬೆಳಿಗ್ಗೆ ಎಂಟಕ್ಕೆ ಕೋಣೆ ಶೋಧಿಸಿದರು. ಕಟ್ಟು ಸಿಕ್ಕಿತು. ಠಾಣೆಗೆ ಹೋಗಿ ಬಂದೆ, ಒಂದು ಗಂಟೆ. ಮಧ್ಯಾಹ್ನ ಭಾವನನ್ನು ಕೇಸಿನ ಮುಂದಿನಿಂದಲೇ ಎಳೆದೊಯ್ದರು. ಜೋಡಿಸಿದ್ದ ಅರ್ಧ ಸಾಲು ನೆಲಕ್ಕೆ ಚೆಲ್ಲಿತು. ಹೋಗುತ್ತ ನನ್ನತ್ತ ನೋಡಿದರು. ಕೋಪವಿರಲಿಲ್ಲ. "ಅಕ್ಕನ ನೋಡ್ಕೊ" ಅಂದರು.

ಮಾರ್ಚ್ 19, ಮಂಗಳವಾರ

ಹತ್ತು ವರ್ಷ. ತೀರ್ಪು ಓದಲು ಹತ್ತು ನಿಮಿಷವೂ ಹಿಡಿಯಲಿಲ್ಲ.

ಅಕ್ಕ ಎಣ್ಣೆ ಬಿಸಿ ಮಾಡಿಕೊಂಡು ಬಂದಳು. "ಬೆನ್ನು ತೋರಿಸೋ. ಎಷ್ಟು ಹೊಡೆದಿದಾರೋ ಏನೋ. ಅಷ್ಟು ಹೊಡೆದ್ರೆ ಯಾರಾದ್ರೂ ಬಾಯಿ ಬಿಡ್ತಾರೆ. ಅವರೂ ಜೈಲಿಂದ ಹಾಗೇ ಹೇಳಿ ಕಳಿಸಿದಾರೆ, ನಿನ್ನ ಮೇಲೆ ಬೇಜಾರಿಲ್ಲವಂತೆ." ಅಂಗಿ ಬಿಚ್ಚಲಿಲ್ಲ. ನೋಯುತ್ತೆ ಅಂದೆ. ಬಟ್ಟಲು ಇಟ್ಟು ಹೋದಳು. ಆರಿತು.

ಬೆನ್ನಿನಲ್ಲಿ ಒಂದು ಗೀರಿಲ್ಲ. ಠಾಣೆಯಲ್ಲಿ ಕುರ್ಚಿ ಕೊಟ್ಟರು. ಟೀ ಕೊಟ್ಟರು. 'ಭಾವ' ಯಾರು ಅಂತ ಇನ್ಸ್‌ಪೆಕ್ಟರಿಗೆ ಗೊತ್ತಿರಲಿಲ್ಲ. ಐವರನ್ನೂ ಹಾಗೇ ಕರೆಯುತ್ತೇನೆ ಅನ್ನಬಹುದಿತ್ತು. ಅದನ್ನೇ ಅನ್ನಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡೇ ಹೋಗಿದ್ದೆ. ಇನ್ಸ್‌ಪೆಕ್ಟರ್ ಮೊದಲ ಹಾಳೆ ಎತ್ತಿಕೊಂಡು ಅಂಚಿನದನ್ನು ಜೋರಾಗಿ ಓದಿದ. ನಕ್ಕ. ಚೆನ್ನಾಗಿ ನಕ್ಕ — ಆರು ತಿಂಗಳಲ್ಲಿ ಭಾವ ಒಮ್ಮೆಯೂ ಹಾಗೆ ನಕ್ಕಿರಲಿಲ್ಲ. "ಈ ಎಣ್ಣೆದು ಅರ್ಥ ಆಗ್ಲಿಲ್ಲ ಸಾರ್. ಯಾರ ಅಕ್ಕ?" ಅಂತ ನನ್ನನ್ನೇ ಕೇಳಿದ.

ಜೋಕು ಅರ್ಥವಾಗಲಿ ಅಂತ, ನಾನೇ, ಬಿಡಿಸಿ ಹೇಳಿದೆ. ನನ್ನ ಅಕ್ಕ, ಭಾವ ಅವಳ ಗಂಡ ಅಂತ...