ಅಳಿಯನಿಗೆ ಕೊಟ್ಟ ನೀರು

ದೇವರಾಜ ಅರಸು ಬಡಾವಣೆ,
ದಾವಣಗೆರೆ

ತಂಗಿ ಉಡಚಮ್ಮನಿಗೆ ಅಣ್ಣನ ಆಶೀರ್ವಾದ.

ಗಂಡನ ಹೊಡೆತ ತಾಳದೆ ಓಡಿಬಂದ ನಿನ್ನ ಮಗಳು ಸುಧಾಳನ್ನು ನಾನು ಬಚ್ಚಿಟ್ಟುಕೊಂಡರೆ, ನೀನು ಅಳಿಯನಿಗೆ ನನ್ನ ವಿಳಾಸ ಕೊಡುವುದೇ? ನಿನ್ನೆ ಆ ನಿಂಗರಾಜು ಬಾಗಿಲಿಗೇ ಬಂದ. ನಾಟಕದಲ್ಲಿ ನಾನು ಮಾಡುವ ರಾಕ್ಷಸನ ಪಾತ್ರದ ಕಂಠ ತೆಗೆದು, "ನಿನ್ನ ಹೆಂಡ್ತಿ ಇಲ್ಲಿಲ್ಲಲೇ!" ಎಂದು ಗರ್ಜಿಸಿದೆ. ಓಣಿಯೇ ನೆರೆಯಿತು. ಅಷ್ಟರಲ್ಲಿ ನಿನ್ನ ಮಗಳು ಬೆಲ್ಲ, ನೀರು ಹಿಡಿದು ಹೊರಬಂದಳು! ಬಂದವರಿಗೆ ಮೊದಲು ನೀರು ಕೊಡಬೇಕೆಂದು ಕಲಿಸಿದವಳು ನೀನೇ ತಾನೇ? ನಾನು ಹಣೆ ಚಚ್ಚಿಕೊಂಡೆ.

ಅವನು ಕುಡಿದ ಮೇಲೆ ತಂಬಿಗೆ ಇಸಿದುಕೊಂಡು, "ನೀರು ಕುಡಿದ್ರಲ್ಲ, ಇನ್ನು ಹೊರಡ್ರಿ. ನಾ ಬರಂಗಿಲ್ಲ" ಎಂದಳು. ಅಷ್ಟು ಜನರೆದುರು ಅವನ ಕೈ ಏಳಲಿಲ್ಲ. ಹೋದ.

ನಿನ್ನ ಮನೆಯಲ್ಲಿರುವ ಅವಳ ಹೊಲಿಗೆ ಮಿಷನ್ನನ್ನು ನಿಮ್ಮೂರು ಭಾನುವಳ್ಳಿಯಿಂದ ಬರುವ ಬಸ್ಸಿಗೆ ಹಾಕಿಸು, ಹರಿಹರಕ್ಕೆ ನಾನೇ ಬಂದು ಇಳಿಸಿಕೊಳ್ಳುತ್ತೇನೆ. ಇನ್ನು ಯಾರೇ ಕೇಳಲಿ, ಸುಧಾ ಇಲ್ಲೇ ಇದ್ದಾಳೆಂದು ನಾನೇ ಕೂಗಿ ಹೇಳುತ್ತೇನೆ.

ನಿನ್ನಣ್ಣ,
ಮೈಲಾರಲಿಂಗಪ್ಪ