ಬಲಗಣ್ಣಿನ ಸುರ್ಮಾ

ನವೆಂಬರ್ 3, ಸೋಮವಾರ

ಬಂಗುಡೆ ಹುರಿದು, ಪಾತ್ರೆ ತೊಳೆದು ಕೂತೆ. ಇವರು ಬಂಟ್ವಾಳ ಪೇಟೆಯಿಂದ ಬಂದರು. ಹಣೆಯಲ್ಲಿ ಉಬ್ಬು. ಅರ್ಧ ಇಳಿಸಿದ್ದ ಅಂಗಡಿಯ ಶಟರ್ ಅಡಿ ನುಗ್ಗುವಾಗ ತಲೆ ಬಡಿದು, ಕುತ್ತಿಗೆ ಹಿಂದಕ್ಕೆ ಹೋಯಿತಂತೆ. ರಕ್ತ ಇಲ್ಲ. ಐಸ್ ಇಟ್ಟೆ.

“ಶಟರಿಗೆ ಎಂತ ಆಗಲಿಲ್ಲ,” ಎಂದು ನಕ್ಕರು.

ನವೆಂಬರ್ 6, ಗುರುವಾರ

ಉಬ್ಬು ಇಳಿದಿದೆ. ಆದರೆ ಕುತ್ತಿಗೆಯ ಬಲಬದಿ ನೋವು — ಕಣ್ಣಿನ ಹಿಂದಿನವರೆಗೆ. ಬಲಗಿವಿಯಲ್ಲಿ ನಾಡಿ ಬಡಿದ ಹಾಗೆ ಬುಸ್ ಬುಸ್ ಶಬ್ದ. ಡಾಕ್ಟರಿಗೆ ತೋರಿಸುವ ಎಂದೆ.

“ಉಳುಕು ಅಷ್ಟೆ ರಾಫಿಯಾ. ನಾಳೆ ಜುಮಾ ನಮಾಜು ಮುಗಿಸಿ ನಿನ್ನ ತಮ್ಮನೊಟ್ಟಿಗೆ ಕಕ್ಕಿಂಜೆಗೆ ಹೋಗ್ತೇನೆ. ಅಲ್ಲಿ ಉಳುಕು ತೆಗೆಯುವವರು ಒಬ್ಬರು ಉಂಟು. ಕುತ್ತಿಗೆ ತಿರುಗಿಸಿ ಒಮ್ಮೆ ಟಕ್ ಅನ್ನಿಸಿದರೆ ಮುಗೀತು.”

ದಿಂಬು ಬದಲಿಸಿದೆ.

ನವೆಂಬರ್ 7, ಶುಕ್ರವಾರ ಸಂಜೆ. ಮಂಗಳೂರು, ಆಸ್ಪತ್ರೆ

ಒಳಗೆ ಸ್ಕ್ಯಾನ್ ನಡೆಯುತ್ತಿದೆ. ಕೂತು ಬರೆಯುತ್ತಿದ್ದೇನೆ.

ಮದುವೆಯಾದಾಗಿನಿಂದ ಜುಮಾಕ್ಕೆ ಹೋಗುವ ಮೊದಲು ಇವರ ಕಣ್ಣಿಗೆ ಸುರ್ಮಾ ಹಚ್ಚುವವಳು ನಾನೇ. ಇಂದು ಎರಡು ಕಣ್ಣು ಸಮ ಬರಲಿಲ್ಲ. ಬಲಗಣ್ಣಿಗೆ ಇನ್ನೊಂದು ಗೆರೆ ಎಳೆದೆ. ಒರೆಸಿದೆ. ಮತ್ತೆ ಎಳೆದೆ.

“ನಿನಗೆ ಕನ್ನಡಕ ಬೇಕು ಮಾರಾಯ್ತಿ.”

ತಪ್ಪು ಗೆರೆಯದ್ದಲ್ಲ. ಮೇಲಿನ ರೆಪ್ಪೆಯೇ ಇಳಿದಿತ್ತು. ಆ ಕಣ್ಣಿನ ಪಾಪೆಯೂ ಸಣ್ಣದು. ಕಿಟಕಿ ಮುಚ್ಚಿ ನೋಡಿದೆ — ಎಡಗಣ್ಣಿನದು ಅಗಲವಾಯಿತು, ಬಲದ್ದು ಹಾಗೆಯೇ.

ಹೊರಗೆ ತಮ್ಮ ನಿಝಾರ್ ಹಾರ್ನ್ ಹಾಕುತ್ತಿದ್ದ. ಇದು ಬರೀ ಉಳುಕಲ್ಲ, ಕಕ್ಕಿಂಜೆ ಬೇಡ, ಯಾರೂ ಕುತ್ತಿಗೆ ಮುಟ್ಟುವುದು ಬೇಡ, ಕಾರು ಮಂಗಳೂರಿಗೆ ತಿರುಗಿಸು ಎಂದೆ.

“ಜುಮಾ?” ಎಂದರು ಇವರು.

“ಅಲ್ಲಾಹನಿಗೆ ಗೊತ್ತುಂಟು. ಕಾರು ಹತ್ತಿ.”

ನವೆಂಬರ್ 9, ಆದಿತ್ಯವಾರ

ಕುತ್ತಿಗೆಯ ಬಲಬದಿಯ ರಕ್ತನಾಳದ ಒಳಪದರ ಹರಿದಿದೆ. ಸಣ್ಣ ಪೆಟ್ಟಿಗೂ ಹೀಗಾಗುವುದುಂಟಂತೆ. ರೆಪ್ಪೆಗೆ, ಪಾಪೆಗೆ ಹೋಗುವ ನರ ಆ ನಾಳಕ್ಕೆ ಅಂಟಿಕೊಂಡೇ ಇರುವುದಂತೆ, ಅದಕ್ಕೇ ಕಣ್ಣು ಹಾಗಾದದ್ದು. ಅಲ್ಲಿ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋದರೆ ಸ್ಟ್ರೋಕ್. ಹೋಗಿಲ್ಲ. ಮದ್ದು ಶುರುವಾಗಿದೆ.

ಕುತ್ತಿಗೆ ತಿರುಗಿಸಿದ್ದರೆ? ಕೇಳಿದೆ. ಇನ್ನೂ ಹರಿದು ಅಲ್ಲೇ ಸ್ಟ್ರೋಕ್ ಆಗಬಹುದಿತ್ತು ಎಂದರು ಡಾಕ್ಟರು. ಮತ್ತೆ ಇವರ ಕಡೆ ತಿರುಗಿ, “ರೆಪ್ಪೆ ಇಳಿದದ್ದು ಯಾರು ಕಂಡದ್ದು, ಮಹಮ್ಮದ್ ಕುಂಞಿಯವರೇ?”

“ಇವಳು. ನಾನು ಕನ್ನಡಕ ಹಾಕು ಅಂದೆ.”

ನವೆಂಬರ್ 28, ಶುಕ್ರವಾರ

ಮನೆ. ನೋವು ಕಡಿಮೆ. ರೆಪ್ಪೆ ಪೂರ್ತಿ ಎದ್ದಿಲ್ಲ, ಹಾಗೆಯೇ ಉಳಿಯಲೂಬಹುದು. ಇವರು ಸುರ್ಮಾದ ಕುಪ್ಪಿ ಹಿಡಿದು ಎದುರು ಬಂದು ಕೂತರು.

“ಬಲದ್ದಕ್ಕೆ ದಪ್ಪ ಎಳೆ. ಜುಮಾಕ್ಕೆ ಪಳ್ಳಿಗೆ ಹೋದರೆ ಕಣ್ಣಿಗೆ ಎಂತ ಆಯ್ತು ಅಂತ ಎಲ್ಲರೂ ಕೇಳ್ತಾರೆ.”

“ಕೇಳಲಿ. ಎರಡಕ್ಕೂ ಒಂದೇ ಗೆರೆ. ನಾನು ಮುಚ್ಚಿಟ್ಟರೆ ಮತ್ತೆ ನನಗೆ ಕಾಣುವುದು ಹೇಗೆ?”

ಗಲ್ಲ ಹಿಡಿದೆ. ಅಲ್ಲಾಡಬೇಡಿ ಎಂದೆ. ಅಲ್ಲಾಡಲಿಲ್ಲ. ನನ್ನನ್ನೇ ನೋಡುತ್ತಿದ್ದರು. ಮೊದಲು ಬಲಗಣ್ಣಿಗೆ, ಮತ್ತೆ ಎಡಗಣ್ಣಿಗೆ, ಒಂದೇ ದಪ್ಪದ ಗೆರೆ ಎಳೆದೆ.